ಸರ್ಪಸುತ್ತು ಮುಖಕ್ಕೆ ಬಂದರೆ

ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ರಾಮಾಂಜಿನಪ್ಪನ ಮನೆಯವರೆಲ್ಲ ಆಂಜನಮ್ಮನ ಬಾಗಿಲಿಗೆ ಬಂದು ನಿಂತರು. ರಾಮಾಂಜಿನಪ್ಪ ತಲೆಗೆ ಟವೆಲ್ ಸುತ್ತಿ, ಅದರ ತುದಿಯಿಂದ ಎಡಗಣ್ಣು ಮುಚ್ಚಿಕೊಂಡಿದ್ದ. ಹೆಂಡತಿ ಸುಕನ್ಯ ಅವನ ತೋಳು ಹಿಡಿದಿದ್ದಳು. ಮಗ ಜಗನ್ ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಎಲೆ ಅಡಿಕೆ, ಬಾಳೆಹಣ್ಣು, ಒಂದು ಉಂಡೆ ಕೆಮ್ಮಣ್ಣು. ಸೊಸೆ ರಮ್ಯಶ್ರೀ ಮಾತ್ರ ಗೇಟಿನ ಹತ್ತಿರವೇ ನಿಂತಿದ್ದಳು. ಅತ್ತು ಅತ್ತು ಅವಳ ಮುಖ ಊದಿಕೊಂಡಿತ್ತು.

ದೊಮ್ಮಲೂರು ಹಳೇ ಊರಿನಲ್ಲಿ ಯಾರಿಗೆ ಸರ್ಪಸುತ್ತು ಎದ್ದರೂ ಜನ ಮೊದಲು ಬರುವುದು ಆಂಜನಮ್ಮನ ಹತ್ತಿರ. ಮೈಯ ಒಂದೇ ಪಕ್ಕದಲ್ಲಿ ಉರಿ, ಆಮೇಲೆ ಸಾಲಾಗಿ ನೀರುಗುಳ್ಳೆ, ಅದೇ ಸರ್ಪಸುತ್ತು. ಅದರ ಹೆಡೆಯೂ ಬಾಲವೂ ಕೂಡಿದರೆ ಪ್ರಾಣ ಹೋಗುತ್ತದೆ ಎಂದು ಜನ ಹೆದರುತ್ತಾರೆ. ಕೂಡದಿರಲಿ ಎಂದು ಕೆಮ್ಮಣ್ಣು ಅರೆದು, ನವಿಲುಗರಿಯಿಂದ ಸುತ್ತ ಗೆರೆ ಎಳೆಯುವುದು ಆಂಜನಮ್ಮನ ಮನೆತನದ ಕೆಲಸ. ಇಲ್ಲಿ ರಾಗಿ ಹೊಲ ಇದ್ದ ಕಾಲದಲ್ಲಿ ಅವಳ ಅಜ್ಜಿ ಮಾಡುತ್ತಿದ್ದಳು. ಹೊಲವೆಲ್ಲ ಬಾಡಿಗೆ ಮನೆಗಳಾದ ಮೇಲೂ ಆಂಜನಮ್ಮ ಮಾಡಿಕೊಂಡು ಬಂದಿದ್ದಾಳೆ. ಅವಳಿಗೆ ಈಗ ಅರವತ್ತೆಂಟು.

"ಟವೆಲ್ ತೆಗಿ, ನೋಡೋಣ," ಎಂದಳು ಆಂಜನಮ್ಮ.

ರಾಮಾಂಜಿನಪ್ಪ ತೆಗೆದ. ಹಣೆಯ ಎಡಭಾಗದ ತುಂಬ ಗುಳ್ಳೆ. ಹುಬ್ಬು ದಾಟಿ ರೆಪ್ಪೆಗೂ ಇಳಿದಿತ್ತು. ರೆಪ್ಪೆ ಊದಿ ಕಣ್ಣು ಅರ್ಧ ಮುಚ್ಚಿತ್ತು. ಮೂಗಿನ ತುದಿಯಲ್ಲಿ ಎರಡು ಗುಳ್ಳೆ. ಆ ಎರಡನ್ನು ನೋಡಿದ್ದೇ ತಡ, ಆಂಜನಮ್ಮ ಅವನ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದಳು.

"ಯಾವಾಗ ಎದ್ದಿದ್ದಿದು?"

"ಗುರುವಾರದಿಂದ ಒಂದೇ ಉರಿ ಅಕ್ಕ. ಗುಳ್ಳೆ ಎದ್ದಿದ್ದು ಶನಿವಾರ ಸಾಯಂಕಾಲ," ಎಂದಳು ಸುಕನ್ಯ.

"ಶನಿವಾರ! ಇವತ್ತು ಸೋಮವಾರ! ನೆನ್ನೆಯೆಲ್ಲಾ ಏನ್ ಮಾಡ್ತಿದ್ರಿ?"

ಜಗನ್ ಹೇಳಿದ. "ಶಾಸ್ತ್ರ ಕೇಳಕ್ಕೆ ಹೋಗಿದ್ವಿ ದೊಡ್ಡಮ್ಮ. ನಾಗದೋಷ ಅಂದ್ರು. ನಮ್ಮ ಸೈಟಲ್ಲಿ ಹುತ್ತ ಇತ್ತಲ್ಲ, ಅದನ್ನ ಕೆಡವಿದ್ದಕ್ಕಂತೆ. ಗುರುವಾರ ಷಷ್ಠಿ. ಅಪ್ಪನ್ನ ಕರ್ಕೊಂಡೋಗಿ ಪೂಜೆ ಮಾಡ್ಸಿ ಬರ್ತೀವಿ. ಅಲ್ಲೀವರೆಗೂ ನೀವು ಮಣ್ಣು ಹಚ್ಚಿ ತಡೆದಿಟ್ಟಿರಿ, ಸಾಕು."

"ಎಲ್ಲಾ ಇವಳು ಕಾಲಿಟ್ಟ ಗಳಿಗೆ," ಎಂದು ಸುಕನ್ಯ ಗೇಟಿನ ಕಡೆ ಕೈ ತೋರಿಸಿದಳು. "ಇವಳು ಬಂದು ವರ್ಷ ಆಗಿಲ್ಲ, ಮನೆ ಯಜಮಾನರಿಗೆ ಹಿಂಗಾಯ್ತು."

"ನಾನು ನೆನ್ನೇನೇ ಆಸ್ಪತ್ರೆಗೆ ಹೋಗೋಣ ಅಂದೆ ಅತ್ತೆ..." ರಮ್ಯಶ್ರೀ ಬಾಯಿ ತೆರೆದಳು.

"ನೀನು ಸುಮ್ನಿರು!" ಎಂದರು ತಾಯಿ ಮಗ ಇಬ್ಬರೂ.

ಆಂಜನಮ್ಮನ ಪಿತ್ತ ನೆತ್ತಿಗೇರಿತು. ಅವಳು ಕೂಗಿದ್ದು ಬೀದಿಯ ಕೊನೆಯ ಟೀ ಅಂಗಡಿಗೂ ಕೇಳಿಸಿರಬೇಕು.

"ಏನ್ರೋ ಅಂದ್ರಿ? ಈ ಹುಡುಗಿ ಕಾಲಿಟ್ಟ ಗಳಿಗೇನಾ? ಹುತ್ತ ಕೀಳಿಸಿದ್ದು ಯಾರು? ಜೆಸಿಬಿ ಕರೆಸಿದ್ದು ಇದೇ ರಾಮಾಂಜಿನಪ್ಪ! ನಾನೇ ಇಲ್ಲಿ ನಿಂತ್ಕೊಂಡು ನೋಡಿದೀನಿ. ಆವಾಗ ಈ ಮಗು ಸ್ಕೂಲಿಗೆ ಹೋಗ್ತಾ ಇತ್ತೇನೋ! ನಾಲ್ಕು ಅಂತಸ್ತು ಕಟ್ಕೊಂಡು ಹಾಯಾಗಿರೋರು ನೀವು, ಬೈಸ್ಕೊಳೋಳು ಇವಳಾ? ನಾಚ್ಕೆ ಆಗಲ್ವಾ ನಿಮ್ಗೆ?"

ರಾಮಾಂಜಿನಪ್ಪ ನೋವಿಗೆ ಹಲ್ಲು ಕಚ್ಚಿಕೊಂಡು ಜಗಲಿಯ ಮೇಲೆ ಕುಳಿತ.

"ಈಗ ಕೇಳಿ. ನಾನು ಇವನ ಮುಖಕ್ಕೆ ಮಣ್ಣು ಮುಟ್ಟಿಸಲ್ಲ. ಈಗಿಂದೀಗ್ಲೇ ಡಾಕ್ಟ್ರ ಹತ್ರ ಹೋಗ್ಬೇಕು. ಗುಳ್ಳೆ ಎದ್ದ ಮೂರು ದಿನದೊಳಗೆ ಮಾತ್ರೆ ಶುರುವಾಗ್ಬೇಕು. ನಾಳೆ ಸಾಯಂಕಾಲಕ್ಕೆ ಮೂರು ದಿನ ಮುಗೀತು. ನಿಮ್ಮ ಷಷ್ಠಿ ಗುರುವಾರ. ಅಷ್ಟೊತ್ತಿಗೆ ಕಣ್ಣು ಇರತ್ತೋ ಇಲ್ವೋ!"

ಜಗನ್ ಒಪ್ಪಲಿಲ್ಲ. "ನೀವೇ ಹಿಂಗಂದ್ರೆ ಹೆಂಗೆ ದೊಡ್ಡಮ್ಮ? ಪಿಳ್ಳಮ್ಮ ಚಿಕ್ಕಮ್ಮಂಗೂ ಹಿಂಗೇ ಹಣೆಗೆ ಬಂದಿತ್ತಂತೆ. ನೀವೇ ಮಣ್ಣು ಹಚ್ಚಿ ಪ್ರಾಣ ಉಳಿಸಿದ್ರಿ ಅಂತ ಇಡೀ ಊರೇ ಹೇಳತ್ತಲ್ಲ."

ಆ ಪಿಳ್ಳಮ್ಮ ಒಳಗೇ ಇದ್ದಳು. ಆಂಜನಮ್ಮನ ಸ್ವಂತ ತಂಗಿ, ಇರುವುದು ಜೋಗುಪಾಳ್ಯದಲ್ಲಿ. ಅಕ್ಕನನ್ನು ನೋಡಿಕೊಂಡು ಹೋಗಲು ಬಂದವಳು ಸೊಪ್ಪು ಬಿಡಿಸುತ್ತ ಕುಳಿತಿದ್ದಳು. ತನ್ನ ಹೆಸರು ಕೇಳಿ ಹೊರಗೆ ಬಂದಳು. ಅವಳ ಬಲಗಣ್ಣಿನ ಗುಡ್ಡೆ ಪೂರ್ತಿ ಬೆಳ್ಳಗಾಗಿತ್ತು.

"ಹಚ್ಚೇ ಅಕ್ಕ, ಪಾಪ ಒದ್ದಾಡ್ತಾನೆ," ಎಂದಳು ಪಿಳ್ಳಮ್ಮ. ಆಮೇಲೆ ಎಲ್ಲರ ಕಡೆ ತಿರುಗಿ, "ಹತ್ತೊಂಬತ್ತು ವರ್ಷ ಆಯ್ತು. ಒಂದು ಕಣ್ಣು ನಾಗಪ್ಪ ತಗೊಂಡ, ಪ್ರಾಣ ಉಳಿಸಿದ. ನಮ್ಮಕ್ಕ ಇರ್ದಿದ್ರೆ ಅದೂ ಇಲ್ಲ," ಎಂದಳು.

ಆಂಜನಮ್ಮ ತಂಗಿಯ ಮುಖ ನೋಡಲಾರದೆ ನೆಲ ನೋಡಿದಳು.

ಎರಡು ವರ್ಷದ ಹಿಂದೆ ಸಕ್ಕರೆ ಕಾಯಿಲೆಗೆ ತೋರಿಸಲು ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಹೋಗಿದ್ದಾಗ, ಅಲ್ಲಿನ ಡಾಕ್ಟರ್ ಉಮ್ಮೆ ಕುಲ್ಸುಂ ಅವರ ಹತ್ತಿರ ಮಾತಿಗೆ ಮಾತು ಬಂದು ತಂಗಿಯ ವಿಷಯ ಹೇಳಿದ್ದಳು. ಡಾಕ್ಟರು ಬೈಯಲಿಲ್ಲ. ಅದರಿಂದ ಪ್ರಾಣ ಹೋಗುವುದು ಬಲು ಅಪರೂಪ, ಆದರೆ ಹಣೆಗೆ, ರೆಪ್ಪೆಗೆ, ಮೂಗಿನ ತುದಿಗೆ ಬಂದರೆ ಕಣ್ಣು ಹೋಗಬಹುದು, ಬೇಗ ಮಾತ್ರೆ ಕೊಟ್ಟರೆ ಸಾಮಾನ್ಯವಾಗಿ ಕಣ್ಣು ಉಳಿಯುತ್ತದೆ ಎಂದು ಬಿಡಿಸಿ ಹೇಳಿದರು. ಅವತ್ತಿನಿಂದ ಮುಖಕ್ಕೆ ಬಂದವರನ್ನು ಆಂಜನಮ್ಮ ನೇರ ಅಲ್ಲಿಗೇ ಕಳಿಸುತ್ತಿದ್ದಳು. ಯಾಕೆ ಎಂದು ಮಾತ್ರ ಯಾರಿಗೂ ಹೇಳಿರಲಿಲ್ಲ. ತಂಗಿಗಂತೂ ಹೇಳಲು ಬಾಯೇ ಬಂದಿರಲಿಲ್ಲ. ತನ್ನ ಮೇಲೆ ತನಗೇ ಬರುತ್ತಿದ್ದ ಸಿಟ್ಟನ್ನು ಎರಡು ವರ್ಷದಿಂದ ಕಂಡಕಂಡವರ ಮೇಲೆ ತೀರಿಸಿಕೊಳ್ಳುತ್ತಿದ್ದಳು.

ಈಗ ಹೇಳದೆ ಹೋದರೆ ರಾಮಾಂಜಿನಪ್ಪ ಕೆಮ್ಮಣ್ಣು ಹಚ್ಚುವ ಇನ್ನೊಬ್ಬರನ್ನು ಹುಡುಕಿಕೊಂಡು ಹೋಗುತ್ತಾನೆ. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ನಾನು ಪ್ರಾಣ ಉಳಿಸಿದ್ದಲ್ಲ ಕಣ್ರೋ," ಎಂದಳು. "ಇವಳ ಕಣ್ಣು ಕಳೆದೋಳು ನಾನು. ನಾಗಪ್ಪನ ತಲೆ ಮೇಲೆ ಯಾಕೆ ಹಾಕ್ತೀರಾ? ಗುಳ್ಳೆ ಮೇಲೆ ಒಂಬತ್ತು ದಿನ ಮಣ್ಣು ಮೆತ್ತಿ, ಆಸ್ಪತ್ರೆಗೆ ಹೋದ್ರೆ ಕೆಡ್ತದೆ ಅಂತ ಬಾಗಿಲಿಗೆ ಅಡ್ಡ ಕೂತಿದ್ದು ನಾನು. ಅವಳ ಗಂಡ ಆಟೋ ತಂದು ನಿಲ್ಸಿದ್ದ. ಬೈದು ವಾಪಸ್ ಕಳಿಸ್ದೆ. ಒಂದು ವಾರ ಮಾತ್ರೆ ನುಂಗಿದ್ರೆ ಉಳೀತಿದ್ದ ಕಣ್ಣು ಅದು."

ಪಿಳ್ಳಮ್ಮ ಕೈಯಲ್ಲಿ ಸೊಪ್ಪು ಹಿಡಿದೇ ಅಕ್ಕನ ಹತ್ತಿರ ಬಂದಳು.

"ನಿಂಗೆ ಯಾವಾಗ ಗೊತ್ತಾಯ್ತು?"

"ಎರಡು ವರ್ಷ ಆಯ್ತು."

"ಎರಡು ವರ್ಷ! ಕಂಡೋರ ಮುಂದೆಲ್ಲಾ ನಿನ್ನ ಹೊಗಳ್ಕೊಂಡು ತಿರುಗ್ತಿದ್ನಲ್ಲೇ. ಕೇಳಿಸ್ಕೊಂಡು ಸುಮ್ನೆ ಇದ್ದೆಯಲ್ಲೇ!"

ಪಿಳ್ಳಮ್ಮ ಕೈಯ ಸೊಪ್ಪನ್ನು ಜಗಲಿಯ ಮೇಲೆ ಎಸೆದು, ರಾಮಾಂಜಿನಪ್ಪನ ಮುಂದೆ ಹೋಗಿ ನಿಂತು ತನ್ನ ಕಣ್ಣಿಗೆ ಬೆರಳು ಮಾಡಿದಳು.

"ಸರಿಯಾಗಿ ನೋಡ್ಕೋ. ಈ ಕಡೆಯಿಂದ ಗಾಡಿ ಬಂದ್ರೆ ನಂಗೆ ಕಾಣಲ್ಲ. ಸೂಜಿಗೆ ದಾರ ಪೋಣಿಸಿ ಹತ್ತೊಂಬತ್ತು ವರ್ಷ ಆಯ್ತು. ನಿಂಗೂ ಇದೇ ಬೇಕಾ? ಏಳು ಮೇಲೆ! ಜಗನ್, ನಿಂತ್ಕೊಂಡು ಏನೋ ನೋಡ್ತೀಯಾ, ಆಟೋ ಕರಿ!"

ಜಗನ್ ತಟ್ಟೆ ಕೆಳಗಿಟ್ಟು ಓಡಿದ. ಪಿಳ್ಳಮ್ಮ ಅಕ್ಕನಿಗೆ ಒಂದು ಮಾತೂ ಹೇಳದೆ, ಚಪ್ಪಲಿ ಮೆಟ್ಟಿಕೊಂಡು ಜೋಗುಪಾಳ್ಯದ ಕಡೆ ನಡೆದುಬಿಟ್ಟಳು.

ಆಂಜನಮ್ಮ ತಾನೂ ಅವರ ಜೊತೆ ಹೊರಟಳು. ಆರೋಗ್ಯ ಕೇಂದ್ರದಲ್ಲಿ ಡಾಕ್ಟರ್ ಉಮ್ಮೆ ಕುಲ್ಸುಂ ಮೂಗಿನ ತುದಿಯ ಗುಳ್ಳೆ ನೋಡಿ, ಆಗಲೇ ಕಣ್ಣಾಸ್ಪತ್ರೆಗೆ ಫೋನ್ ಮಾಡಿದರು. ಮೊದಲ ಮಾತ್ರೆಯನ್ನು ತಮ್ಮ ಮುಂದೆಯೇ ನುಂಗಿಸಿದರು.

"ಹಂಗಾದ್ರೆ ಇದು ನಾಗದೋಷ ಅಲ್ವಾ ಮೇಡಂ?" ಎಂದು ಜಗನ್ ಕೇಳಿದ.

"ನಿಮ್ಮಪ್ಪನಿಗೆ ಚಿಕ್ಕ ವಯಸ್ಸಲ್ಲಿ ಅಮ್ಮ ಆಗಿತ್ತಾ? ಅದೇ, ಚಿಕನ್ ಪಾಕ್ಸ್?"

"ಆಗಿತ್ತು," ಎಂದ ರಾಮಾಂಜಿನಪ್ಪ.

"ಆ ರೋಗಾಣು ಅವತ್ತಿಂದ ನರದೊಳಗೇ ಮಲ್ಗಿತ್ತು. ವಯಸ್ಸಾದಾಗ, ಶುಗರ್ ಇದ್ದಾಗ, ಮೈ ಸೋತಾಗ ಎದ್ದೇಳತ್ತೆ. ಇದಕ್ಕೆ ಹುತ್ತಾನೂ ಕಾರಣ ಅಲ್ಲ, ಸೊಸೆನೂ ಕಾರಣ ಅಲ್ಲ. ಪೂಜೆ ಮಾಡ್ಬೇಕಾ? ವಾಸಿಯಾದ್ಮೇಲೆ ನೆಮ್ಮದಿಯಾಗಿ ಮಾಡಿ, ಯಾರು ಬೇಡ ಅಂತಾರೆ? ಗುಳ್ಳೆ ಒಣಗೋವರೆಗೂ ಅದರ ನೀರು ಬಸುರಿಯರಿಗೆ, ಹಸುಗೂಸಿಗೆ ಸೋಕಬಾರದು. ಮಣ್ಣು, ಸುಣ್ಣ ಏನೂ ಮೆತ್ತಬೇಡಿ, ಕೀವಾಗತ್ತೆ."

ಸುಕನ್ಯ ಮೆಲ್ಲಗೆ ಕೇಳಿದಳು. "ಅಂದ್ರೆ ಆಂಜನಮ್ಮಕ್ಕನ ಕೈಗುಣ ಎಲ್ಲಾ ಸುಳ್ಳಾ ಡಾಕ್ಟ್ರೇ?"

"ಎಲ್ಲಾ ಯಾಕೆ ಸುಳ್ಳಾಗತ್ತೆ? ಮೈಮೇಲೆ ಬಂದಿದ್ದು ಹೆಚ್ಚಿನವರಿಗೆ ಮೂರ್ನಾಲ್ಕು ವಾರಕ್ಕೆ ತಾನಾಗೇ ಒಣಗತ್ತೆ. ಆದ್ರೂ ಬೇಗ ತೋರಿಸಿದ್ರೆ ನೋವು ಕಮ್ಮಿ. ಆ ಮೂರು ವಾರ ಈ ಅಜ್ಜಿ ಕಾಯಿಲೆಯವರನ್ನ ಹೆಂಗೆ ನೋಡ್ಕೋತಾರೆ, ಅದನ್ನ ಕೇಳಿ."

ಆಂಜನಮ್ಮನಿಗೆ ಮತ್ತೆ ರೇಗಿತು. "ಅದನ್ನ ಯಾರು ಕೇಳ್ತಾರೆ ಮೇಡಂ? ನಮ್ಮಜ್ಜಿ ಏನ್ ಕಟ್ಟಳೆ ಮಾಡಿದ್ಳು ಗೊತ್ತಾ? ಮೂರು ವಾರ ಕಾಯಿಲೆಯೋರು ಕೆಲಸ ಮುಟ್ಟಬಾರದು. ಬಿಸಿ ರಾಗಿ ಗಂಜಿ ತಪ್ಪಬಾರದು. ಒಗೆದ ಹತ್ತಿ ಬಟ್ಟೆನೇ ಹಾಕ್ಬೇಕು. ದಿನಾ ಮನೆಯೋರು ಒಬ್ಬರಾದ್ರೂ ಪಕ್ಕದಲ್ಲಿ ಕೂತು ಮಾತಾಡಿಸ್ಬೇಕು. ಮುಖ್ಯವಾಗಿ, ಆ ಮನೇಲಿ ಯಾರೂ ಯಾರ ಮೇಲೂ ಧ್ವನಿ ಏರಿಸಬಾರದು. ಈ ಜನ ಅದೆಲ್ಲಾ ಬಿಟ್ಟು ಮಣ್ಣೊಂದನ್ನ ಇಟ್ಕೊಂಡ್ರು! ಮಣ್ಣು ಮೆತ್ತಿಸ್ಕೊಂಡು ಹೋಗ್ತಾರೆ, ಮನೇಗ್ ಹೋಗಿ ಸೊಸೇನ ಬೈತಾರೆ!"

ಡಾಕ್ಟರು ನಕ್ಕುಬಿಟ್ಟರು. "ಅಜ್ಜಿ ಹೇಳಿದ್ದಷ್ಟನ್ನೂ ಮಾಡಿ. ಮಾತ್ರೆ ನಂದು, ಕಟ್ಟಳೆ ಅವರದು."

ಸುಕನ್ಯ ಸೊಸೆಯ ಕಡೆ ತಿರುಗಿದಳು. "ನೆನ್ನೇನೇ ನಿನ್ ಮಾತು ಕೇಳ್ಬೇಕಿತ್ತು ಕಣಮ್ಮ. ತಪ್ಪಾಯ್ತು," ಎಂದಳು. ರಮ್ಯಶ್ರೀ ಮಾವನ ಕೈ ಹಿಡಿದು ಆಟೋ ಹತ್ತಿಸಿ, ಕಣ್ಣಾಸ್ಪತ್ರೆಗೆ ತಾನೂ ಜೊತೆಗೆ ಹೋದಳು.

ಮೂರು ವಾರ ಕಳೆಯಿತು. ರಾಮಾಂಜಿನಪ್ಪನ ಹಣೆಯ ಮೇಲೆ ಕಲೆ ಉಳಿದಿತ್ತು, ಆಗಾಗ ಚುಳುಕ್ ಎನ್ನುವ ನೋವೂ ಇತ್ತು. ಆದರೆ ಕಣ್ಣು ಉಳಿಯಿತು. ಕಣ್ಣಾಸ್ಪತ್ರೆಯ ಅಕ್ಷರದ ಬೋರ್ಡನ್ನು ಕೊನೆಯ ಸಾಲಿನವರೆಗೂ ಓದಿದೆ ಎಂದು ಬೀದಿಯವರಿಗೆಲ್ಲ ಹೇಳಿಕೊಂಡು ಬಂದ. ಸುಕನ್ಯ, ತಮ್ಮಂಥ ಐವತ್ತು ದಾಟಿದವರು ಇದಕ್ಕೆ ಲಸಿಕೆ ಹಾಕಿಸಿಕೊಳ್ಳಬಹುದೇ ಎಂದು ಡಾಕ್ಟರನ್ನು ತಾನಾಗಿಯೇ ಕೇಳಿದಳು.

ಈ ಮೂರು ವಾರದಲ್ಲಿ ಪಿಳ್ಳಮ್ಮ ಒಂದು ದಿನವೂ ಅಕ್ಕನ ಮನೆಗೆ ಬರಲಿಲ್ಲ. ಫೋನ್ ಮಾಡಿದರೆ ಎತ್ತಲಿಲ್ಲ. ಆಂಜನಮ್ಮನಿಗೆ ಅನ್ನ ಸೇರಲಿಲ್ಲ. ನಾಲ್ಕನೇ ವಾರ ಒಂದು ಮಧ್ಯಾಹ್ನ ಪಿಳ್ಳಮ್ಮ ಬಂದಳು. ಒಳಗೆ ಬರದೆ ಬಾಗಿಲಲ್ಲೇ ನಿಂತಳು.

"ನಂಗಿನ್ನೂ ಸಿಟ್ಟು ಹೋಗಿಲ್ಲ," ಎಂದಳು.

"ಗೊತ್ತು ಕಣೆ," ಎಂದಳು ಆಂಜನಮ್ಮ.

"ಮಣ್ಣು ಹಚ್ಚಿದ್ದಕ್ಕಲ್ಲ. ಆವಾಗ ನಿಂಗೂ ಗೊತ್ತಿರ್ಲಿಲ್ಲ, ನಂಗೂ ಗೊತ್ತಿರ್ಲಿಲ್ಲ. ಗೊತ್ತಾದ್ಮೇಲೆ ಬಾಯಿ ಮುಚ್ಕೊಂಡಿದ್ಯಲ್ಲ, ಅದಕ್ಕೆ. ನಮ್ಮ ಸಂಘದ ಹೆಂಗಸರು ಗುರುವಾರ ಸೇರ್ತಾರೆ. ನೀನು ಬಂದು ಎಲ್ಲರ ಮುಂದೆ ಇದನ್ನ ಹೇಳ್ಬೇಕು. ನಾನು ಪಕ್ಕದಲ್ಲೇ ನಿಂತು ಕಣ್ಣು ತೋರಿಸ್ತೀನಿ."

ಆಂಜನಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಹೂಂ ಎಂದಳು.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಇದನ್ನು ಓದಿ ಮಡಿಸಿಟ್ಟುಬಿಡಬೇಡಿ. ಮೈಯ ಒಂದೇ ಪಕ್ಕದಲ್ಲಿ ಉರಿಯೆದ್ದು ಗುಳ್ಳೆ ಕಂಡರೆ ಮೂರು ದಿನ ದಾಟುವ ಮೊದಲೇ ಡಾಕ್ಟರಿಗೆ ತೋರಿಸಿ. ಹಣೆಗೆ, ರೆಪ್ಪೆಗೆ, ಮೂಗಿಗೆ ಬಂದರೆ ಮೂರು ದಿನವೂ ಬೇಡ, ಅವತ್ತೇ ಹೊರಡಿ. ಹಿರಿಯರ ಗಂಜಿ, ಆರೈಕೆ, ಪಕ್ಕದಲ್ಲಿ ಕೂರುವ ಪ್ರೀತಿ, ಇವು ನಮ್ಮ ಸೊತ್ತು, ಬಿಡಬೇಡಿ. ಆದರೆ ಕಾಯಿಲೆಗೆ ಮನೆಯ ಹೆಣ್ಣುಮಗಳನ್ನು ದೂರಿದರೆ ಗುಳ್ಳೆ ಒಣಗುವುದಿಲ್ಲ, ಅವಳ ಎದೆ ಒಣಗುತ್ತದೆ. ನಿಮ್ಮ ಬೀದಿಯಲ್ಲೂ ಕೆಮ್ಮಣ್ಣು ಹಚ್ಚುವ ಒಬ್ಬ ಹಿರಿಯಳು ಇರುತ್ತಾಳೆ. ಅವಳನ್ನು ಹೀಯಾಳಿಸಬೇಡಿ. ಇವತ್ತೇ ಹೋಗಿ, ಪಕ್ಕದಲ್ಲಿ ಕುಳಿತು, ಈ ಕಥೆಯನ್ನು ಅವಳಿಗೆ ಓದಿ ಹೇಳಿ. ಜನ ಮೊದಲು ಬರುವುದು ಅವಳ ಬಾಗಿಲಿಗೇ.