ನಾಲ್ಕನೇ ಮಹಡಿಗೆ ಕರುಣಾಕರ

ಉದ್ದ ಹ್ಯಾಟಿನ ಮನುಷ್ಯ ನಾಲ್ಕು ಮಹಡಿ ಹತ್ತಿ ಬಂದು, ಏದುಸಿರು ಬಿಡುತ್ತ ವೇದವತಿಯ ಬಾಗಿಲಲ್ಲಿ ನಿಂತ. ಅಂತ್ಯಸಂಸ್ಕಾರದ ಕಂಪನಿಯವನು. ಹ್ಯಾಟು ತೆಗೆದು ಎದೆಗೆ ಹಿಡಿದುಕೊಂಡ.

"ಕ್ಷಮಿಸಿ ಮೇಡಂ. ಲಿಫ್ಟ್ ಕೆಟ್ಟಿದೆ. ಮೆಟ್ಟಿಲಲ್ಲಿ ಶವಪೆಟ್ಟಿಗೆ ಹೊರಲು ನನ್ನವರಿಗೆ ಅನುಮತಿಯಿಲ್ಲ. ನಿಮ್ಮ ಪೂಜೆಯನ್ನು ಕೆಳಗೆ ಕಾರ್ ಪಾರ್ಕಿನಲ್ಲೇ ಮುಗಿಸಬಹುದಲ್ಲ?"

"ನೋ," ಎಂದಳು ವೇದವತಿ. "ನನ್ನ ಗಂಡ ಮನೆಗೆ ಬರಬೇಕು."

ಹಿಂದೆ ನಿಂತಿದ್ದ ತಮ್ಮ ಪಾಂಡುರಂಗ ಮೆಲ್ಲಗೆ ಹೇಳಿದ: "ಅಕ್ಕ, ಅವ ಹೇಳುದೂ ಸರಿಯೇ. ಕೆಳಗೇ ಮಾಡುವ. ಹನ್ನೆರಡೂವರೆಗೆ ಸ್ಮಶಾನದಲ್ ಟೈಮ್ ಕೊಟ್ಟಿದ್ರ್."

"ನಿನ್ ಹೋಟ್ಲಿನ ಗ್ರೈಂಡರ್ ಕೆಟ್ಟಾಗ ನಿನ್ ಭಾವ ಟೈಮ್ ಕೇಂಡಿದ್ರಾ?"

"ಅದಲ್ಲ ಅಕ್ಕ..."

"ಮೂವತ್ ವರ್ಷ ಇದ್ದ ಮನಿ. ಮನಿಗ್ ಬಾರ್ದೆ ಹ್ಯಾಂಗ್ ಹ್ವಾತ್ರ್?"

ಮಗಳು ನವ್ಯಾ ಅಮ್ಮನ ತೋಳು ಹಿಡಿದಳು. "ಅಮ್ಮಾ, ಪ್ಲೀಸ್. ನಾಟ್ ಟುಡೇ."

"ಇವತ್ತಲ್ದೆ ಮತ್ ಯಾವತ್ತ್?" ಎಂದು ವೇದವತಿ ಸೆರಗು ಸಿಕ್ಕಿಸಿಕೊಂಡು ಮೆಟ್ಟಿಲಿಳಿಯತೊಡಗಿದಳು. ಒಂದೊಂದು ಮಹಡಿಯಲ್ಲೂ ನಿಂತು, ಸಿಕ್ಕ ಸಿಕ್ಕ ಬಾಗಿಲುಗಳನ್ನೆಲ್ಲ ತಟ್ಟಿದಳು.

*

ಕುಂದಾಪುರದ ಬಳಿಯ ಹಳ್ಳಿಯಲ್ಲಿ ಗದ್ದೆ ಉಳುತ್ತಿದ್ದ ಕರುಣಾಕರ ಇಪ್ಪತ್ತಕ್ಕೆ ಸೈನ್ಯ ಸೇರಿ, ಹೊಳೆಗಳಿಗೆ ಸೇತುವೆ ಹಾಕುವ ಪಡೆಯಲ್ಲಿ ದುಡಿದವನು. ಎಪ್ಪತ್ತೊಂದರ ಯುದ್ಧದಲ್ಲಿ ಎಡಗೈಯ ಎರಡು ಬೆರಳುಗಳು ಉಕ್ಕಿನ ತೊಲೆಯಡಿ ಹೋದವು. ನರ್ಸಾಗಿದ್ದ ಹೆಂಡತಿ ವೇದವತಿಯ ಜೊತೆ ವಿಲಾಯತಿಯ ಈಸ್ಟ್ ಹ್ಯಾಮಿಗೆ ಬಂದಾಗ, ಆ ಕೈ ನೋಡಿ ಮೂರು ಕಾರ್ಖಾನೆಗಳು ವಾಪಸು ಕಳಿಸಿದವು. ನಾಲ್ಕನೆಯದಕ್ಕೆ ಅವನು ಹೋಗಲಿಲ್ಲ. ತಾವಿದ್ದ ಕಟ್ಟಡದಲ್ಲಿ ಸೋರುವ ನಲ್ಲಿ, ಬಿಗಿದುಕೊಂಡ ಬಾಗಿಲು, ಉರಿಯದ ಬಾಯ್ಲರ್ ಒಂದೊಂದಾಗಿ ರಿಪೇರಿ ಮಾಡತೊಡಗಿದ. ಆಮೇಲೆ ಕೆಲಸವೇ ಅವನ ಮನೆ ಹುಡುಕಿಕೊಂಡು ಬಂತು.

ಆದರೂ ಮಣ್ಣು ಬಿಡಲಿಲ್ಲ. ಕಟ್ಟಡದ ಹಿಂದೆ ಒಡೆದ ಇಟ್ಟಿಗೆ, ಹಳೇ ಹಾಸಿಗೆಗಳ ರಾಶಿ ಬಿದ್ದಿತ್ತು. ತೊಂಬತ್ತಾರರ ವಸಂತದಲ್ಲಿ ಯಾರನ್ನೂ ಕೇಳದೆ ಅದನ್ನೆಲ್ಲ ಎತ್ತಿ ಹಾಕಿ, ಅಗೆದು, ಹರಿವೆ ಬಿತ್ತಿದ. ಜೂನಿನಲ್ಲಿ ಕಟ್ಟಡದ ಕಚೇರಿಯಿಂದ ಒಬ್ಬ ಅಧಿಕಾರಿ ನೋಟಿಸು ಹಿಡಿದುಕೊಂಡು ಬಂದ.

"ಇದು ನಿಮ್ಮ ಜಾಗವಲ್ಲ."

"ಕಸ ಯಾರದಾಗಿತ್ತು?" ಎಂದು ಕೇಳಿದ ಕರುಣಾಕರ.

ಅಧಿಕಾರಿ ನೋಟಿಸನ್ನು ಮುಂದೆ ಚಾಚಿದ. ಕರುಣಾಕರ ನೋಟಿಸನ್ನು ಎಂಟೇ ಬೆರಳುಗಳಲ್ಲಿ ಪೊಟ್ಟಣದಂತೆ ಸುತ್ತಿ, ಅದರೊಳಗೆ ಹರಿವೆ ಬೀಜ ತುಂಬಿಸಿ ಅವನ ಕೈಗೇ ಕೊಟ್ಟ. "ಮಳೆ ಬಂದ ಮರುದಿನ ಹಾಕಿ. ಆಳ ಬೇಡ."

ಮತ್ತೆ ನೋಟಿಸು ಬರಲಿಲ್ಲ. ಎಂಟು ವರ್ಷ ಅಲ್ಲಿ ಹರಿವೆ ಬೆಳೆದ. ಕಳೆದ ಮಂಗಳವಾರ ಬೆಳಿಗ್ಗೆ, ಅಲ್ಲೇ ಮಣ್ಣು ತಿರುವುತ್ತಿದ್ದಾಗ, ಎದೆ ಹಿಡಿದುಕೊಂಡು ಕುಳಿತವನು ಏಳಲಿಲ್ಲ.

*

ಕಾರ್ ಪಾರ್ಕಿನಲ್ಲಿ ಶವವಾಹನದ ಸುತ್ತ ಹನ್ನೊಂದು ಜನ ಸೇರಿದರು. ಮೂರನೇ ಮಹಡಿಯ ಬಸ್ ಡ್ರೈವರ್ ಕೆವಿನ್ ಯೂನಿಫಾರ್ಮಿನಲ್ಲೇ ಇಳಿದು ಬಂದಿದ್ದ. ಮೊದಲ ಮಹಡಿಯ ಸೊಮಾಲಿ ಅಣ್ಣತಮ್ಮಂದಿರಿಬ್ಬರು ಜಾಕೆಟ್ ಕಳಚಿ ಬೇಲಿಯ ಮೇಲೆ ಹಾಕಿದರು.

"ಯಾರಾದರೂ ಜಾರಿದರೆ ಕಂಪನಿ ಹೊಣೆಯಲ್ಲ," ಎಂದ ಹ್ಯಾಟಿನ ಮನುಷ್ಯ.

"ನನ್ನ ಫ್ರಿಜ್ಜನ್ನು ಇದೇ ಮೆಟ್ಟಿಲಲ್ಲಿ ಹೊತ್ತು ತಂದವನು ಈತ," ಎಂದ ಕೆವಿನ್. "ಬೆನ್ನ ಮೇಲೆ. ಅರುವತ್ತು ದಾಟಿದ ಮೇಲೆ. ಸ್ವಲ್ಪ ಪಕ್ಕಕ್ಕೆ ನಿಲ್ಲಿ."

ಪಾಂಡುರಂಗ ವಾಚು ಬಿಚ್ಚಿ ಜೇಬಿಗೆ ಹಾಕಿಕೊಂಡು ತಲೆಯ ಕಡೆಗೆ ಹೆಗಲು ಕೊಟ್ಟ.

ವೇದವತಿ ಮುಂದೆ ಹಿಮ್ಮುಖವಾಗಿ ಹತ್ತುತ್ತ, "ಎಡಕ್ಕೆ... ಎತ್ತಿ... ಈಗ ನಿಲ್ಲಿ," ಎನ್ನುತ್ತಿದ್ದಳು. ಎರಡನೇ ಮಹಡಿಯ ತಿರುವಿನಲ್ಲಿ ಪೆಟ್ಟಿಗೆ ಗೋಡೆಗೆ ಸಿಕ್ಕಿಕೊಂಡಿತು. ಕೆವಿನ್‌ನ ಮುಖ ಕೆಂಪಾಯಿತು. ಒಬ್ಬನ ಬೂಟು ಜಾರಿ, ಪೆಟ್ಟಿಗೆ ವಾಲಿತು. ನವ್ಯಾ ಚಪ್ಪಲಿ ಕಳಚಿ ಎಸೆದು, ಕೆಳಗಿನ ಮೆಟ್ಟಿಲಿಗೆ ಹಾರಿ, ಪೆಟ್ಟಿಗೆಯ ಅಡಿಗೆ ತನ್ನ ಭುಜ ಒಡ್ಡಿದಳು.

"ಅಪ್ಪ ಈಸ್ ಹೆವೀ," ಎಂದಳು, ಅಳುತ್ತಲೋ ನಗುತ್ತಲೋ.

"ಉಂಡದ್ದ್ ಕಮ್ಮಿಯಾ?" ಎಂದಳು ವೇದವತಿ. "ನೆಟ್ಟಗೆ ನಿಲ್ಸಿ. ಹಾಂಗೆ. ಈಗ ತಿರುಗ್ಸಿ."

ಪೆಟ್ಟಿಗೆ ತಿರುಗಿತು.

ಮನೆಯ ಚಾವಡಿಯಲ್ಲಿ ಮುಚ್ಚಳ ತೆಗೆದಾಗ ಕರುಣಾಕರನ ಕುತ್ತಿಗೆಯಲ್ಲಿ ಕಪ್ಪು ಟೈ ಇತ್ತು. ಕಂಪನಿಯವರು ಕಟ್ಟಿದ್ದು. ಮಗಳ ಪದವಿ ಸಮಾರಂಭಕ್ಕೂ ಟೈ ಕಟ್ಟದ ಗಂಡಸು. ವೇದವತಿ ಗಂಟು ಬಿಡಿಸಿ ಅದನ್ನು ಹ್ಯಾಟಿನವನ ಕೈಗೆ ಕೊಟ್ಟಳು. ಅಂಗಿಯ ಮೇಲಿನ ಗುಂಡಿ ಬಿಚ್ಚಿ, ಬಾಯಿಗೆ ತುಳಸಿ ನೀರು ಬಿಟ್ಟು, ಬೆರಳಿಲ್ಲದ ಜಾಗದ ಮೇಲೆ ತನ್ನ ಬೆರಳಿಟ್ಟು ಕುಳಿತಳು. ಸ್ಮಶಾನದ ಹೊತ್ತು ಮೀರುತ್ತಿತ್ತು; ಪಾಂಡುರಂಗನ ವಾಚು ಜೇಬಿನಲ್ಲೇ ಇತ್ತು.

ಇಳಿಸುವಾಗ ಹೆಗಲುಗಳು ಇನ್ನೂ ಹೆಚ್ಚಿದ್ದವು. ವೇದವತಿ ಶವವಾಹನದಲ್ಲಿ ಡ್ರೈವರನ ಪಕ್ಕ ಹತ್ತಿ ಕುಳಿತಳು. ಹ್ಯಾಟಿನ ಮನುಷ್ಯ ತನ್ನ ಕಂಪನಿಯ ಪದ್ಧತಿಯಂತೆ ರಸ್ತೆಯ ತಿರುವಿನವರೆಗೆ ವಾಹನದ ಮುಂದೆ ನಡೆದ. ಅಲ್ಲಿ ಒಳಗೆ ಹತ್ತಲು ಬಾಗಿಲ ಬಳಿ ಬಂದಾಗ ವೇದವತಿ ತಲೆಯಾಡಿಸಿ ಮುಂದಕ್ಕೆ ಬೆರಳು ತೋರಿಸಿದಳು. ಅವನು ಅವಳ ಮುಖ ನೋಡಿದ. ಹ್ಯಾಟು ನೆಟ್ಟಗೆ ಮಾಡಿಕೊಂಡು, ಹೈ ಸ್ಟ್ರೀಟ್ ನಾರ್ತ್ ಎಂಬ ಪೇಟೆಬೀದಿಯ ನಟ್ಟನಡುವೆ ಮತ್ತೆ ನಡೆಯತೊಡಗಿದ.

ಸೀರೆ ಅಂಗಡಿಗಳವರು ಹೊರಗೆ ಬಂದು ನಿಂತರು. ಹಿಂದೆ ಒಂದು ಡಬಲ್ ಡೆಕ್ಕರ್, ಅದರ ಹಿಂದೆ ಇನ್ನೆರಡು, ಕಣ್ಣು ಹಾಯುವವರೆಗೂ ಕಾರು, ವ್ಯಾನು. ಯಾರೋ ಉದ್ದಕ್ಕೆ ಹಾರ್ನ್ ಒತ್ತಿದರು. ವೇದವತಿ ಕಿಟಕಿಯ ಗಾಜು ಪೂರ್ತಿ ಇಳಿಸಿ, ಬಳೆಯ ಕೈ ಹೊರಗೆ ಚಾಚಿ, ಇಡೀ ರಸ್ತೆಗೆ ಅಂಗೈ ತೋರಿಸಿದಳು: ನಿಧಾನ.