ನೆನೆದ ಮೇಲೆ ಮುಚ್ಚಿದ ಸೌದೆ

ಟಾರ್ಪಾಲು ಹೊದಿಸಿದ್ದು ಮಳೆ ಬರುವ ಮೊದಲಲ್ಲ, ಬಂದು ನಿಂತ ಮೇಲೆ. ಇದು ನನಗೆ ಮಾತ್ರ ಗೊತ್ತಿತ್ತು. ಡೈರಿಯಲ್ಲಿ ಬರೆದರೆ ಹಗುರವಾಗುತ್ತದೆ ಎಂದುಕೊಂಡು ಬರೆದೆ. ಆಗಲಿಲ್ಲ. ಪುಟ ತಿರುಗಿಸಿದರೂ ಆ ಸಾಲು ಅಲ್ಲೇ ಇರುತ್ತಿತ್ತು.

ಅಪ್ಪ ಮದುವೆ ಅಡುಗೆಯ ಕಂಟ್ರಾಕ್ಟರು. ಜಯಸಿಂಹ ಅವರ ಸಾರು ಎಂದರೆ ಜಯನಗರ, ಬನಶಂಕರಿ ಕಡೆ ಜನ ಎರಡನೇ ಸಲ ಅನ್ನ ಹಾಕಿಸಿಕೊಳ್ಳುತ್ತಾರೆ. ಉಳಿದದ್ದೆಲ್ಲ ಗ್ಯಾಸಿನಲ್ಲಾದರೂ ಸಾರು, ಹುಳಿ, ಪಾಯಸಕ್ಕೆ ಅವರಿಗೆ ಸೌದೆ ಒಲೆಯೇ ಆಗಬೇಕು. ಆಷಾಢದಲ್ಲಿ ಮದುವೆಗಳಿಲ್ಲ. ಹಾಗಾಗಿ ಶ್ರಾವಣದ ಲಗ್ನಗಳಿಗೆ ಬೇಕಾದ ಸೌದೆಯನ್ನು ಆ ಬಿಡುವಿನಲ್ಲೇ, ಅಂದರೆ ಜಡಿಮಳೆಯ ಕಾಲದಲ್ಲೇ, ಯಡಿಯೂರಿನ ನಮ್ಮ ಮನೆಯ ಹಿತ್ತಲಿಗೆ ತರಿಸಿಡುತ್ತಾರೆ. ಬೇಗೂರಿನ ಪಾಪಯ್ಯ ಇಪ್ಪತ್ತೆರಡು ವರ್ಷದಿಂದ ನಮಗೆ ಸೌದೆ ಹಾಕುತ್ತಿದ್ದಾರೆ. ಹೋಟೆಲಿನವರೆಲ್ಲ ಗ್ಯಾಸಿಗೆ ಹೋದ ಮೇಲೆ ಅವರ ಡಿಪೋ ನಿಂತಿರುವುದು ನಮ್ಮಂಥ ನಾಲ್ಕೈದು ಮನೆಗಳಿಂದ.

ಈ ಸಲ ಲೋಡು ಬಂದ ದಿನ ಅಪ್ಪ ಮೈಸೂರಿನಲ್ಲಿ ಅತ್ತೆಯ ಮನೆಯಲ್ಲಿದ್ದರು. ಎಂ.ಎ. ಮುಗಿಸಿ ಮನೆಯಲ್ಲೇ ಇರುವ ನನಗೆ ಈ ಜವಾಬ್ದಾರಿ ಬಿತ್ತು. ಪಾಪಯ್ಯ ಇಳಿಸಿದ ಸೌದೆ ಕಡ್ಡಿಯ ಹಾಗೆ ಒಣಗಿತ್ತು. "ಮೋಡ ಕಟ್ಕೊಂಡೈತೆ ಕಣವ್ವ, ಬಿರ್ರನೆ ಮುಚ್ಬಿಡು" ಎಂದು ಹೇಳಿ ಟೆಂಪೋ ಹತ್ತಿದರು.

ನಮ್ಮ ಟಾರ್ಪಾಲನ್ನು ಪಕ್ಕದ ಮನೆಯವರು ಗೃಹಪ್ರವೇಶಕ್ಕೆಂದು ತೆಗೆದುಕೊಂಡು ಹೋಗಿದ್ದರು. ಹೋಗಿ ಕೇಳಬೇಕು, ಅಷ್ಟೇ. "ಆಂಟಿ, ನಮ್ಮ ಟಾರ್ಪಾಲು..." ಎಂದು ಶುರುಮಾಡಬೇಕೋ, "ಆಂಟಿ, ಊಟ ಆಯ್ತಾ" ಎಂದು ಶುರುಮಾಡಬೇಕೋ ತಿಳಿಯದೆ ಅವರ ಗೇಟಿನ ಮುಂದೆ ಅರ್ಧ ಗಂಟೆ ಓಡಾಡಿದೆ. ಅಷ್ಟರಲ್ಲಿ ಮಳೆ ಬಂತು. ಒಂದು ಗಂಟೆ ಸುರಿಯಿತು. ಆಂಟಿ ತಾವೇ ನನ್ನನ್ನು ನೋಡಿ, "ಅಯ್ಯೋ, ಶರ್ವಾಣಿ, ನೆನೀತಾ ಇದೀಯಲ್ಲೇ!" ಎಂದು ಒಳಗೆ ಕರೆದು, ಕಾಫಿ ಕೊಟ್ಟು, ಟಾರ್ಪಾಲನ್ನೂ ಕೊಟ್ಟರು. ಮಳೆ ನಿಂತ ಮೇಲೆ ನೆನೆದ ಸೌದೆಗೆ ಅದನ್ನು ನೆಲದವರೆಗೂ ಎಳೆದು ಹೊದಿಸಿ, ಸುತ್ತ ಇಟ್ಟಿಗೆ ಹೇರಿದೆ. ಎಲ್ಲೂ ಒಂದು ಸಂದು ಬಿಡಲಿಲ್ಲ. ತಪ್ಪನ್ನು ಮುಚ್ಚಿದಷ್ಟೇ ಶ್ರದ್ಧೆಯಿಂದ ಮುಚ್ಚಿದೆ.

ಹದಿನೈದು ದಿನದ ಮೇಲೆ ಅಪ್ಪ ಬಂದು ಟಾರ್ಪಾಲು ಎತ್ತಿದಾಗ ಒಳಗಿಂದ ಬಿಸಿ ಉಸಿರಿನಂಥ ಹಬೆ ಬಂತು. ಶೀಟಿನ ಒಳಮೈಯಲ್ಲಿ ಸಾಲು ಸಾಲು ಹನಿ. ತೊಗಟೆಯ ಮೇಲೆಲ್ಲ ಬಿಳೀ ಬೂಷ್ಟು. ಒಂದು ಸೀಳನ್ನು ಒಲೆಗಿಟ್ಟು ನೋಡಿದರೆ ಉರಿಯುವ ಬದಲು ಹೊಗೆಯುಗುಳಿತು.

"ಹಸೀ ಸೌದೆ ಹಾಕಿಬಿಟ್ಟಿದಾನೆ" ಎಂದರು ಅಪ್ಪ. "ಇಷ್ಟು ವರ್ಷದ ಮೇಲೆ ಈ ಪಾಪಯ್ಯನಿಗೇನು ಬಂತು? ಮಗಳು ಎಷ್ಟು ಚೆನ್ನಾಗಿ ಮುಚ್ಚಿದಾಳೆ ನೋಡಿ, ಮುನಿಲಕ್ಷ್ಮಮ್ಮ. ಒಂದು ಹನಿ ಒಳಗೆ ಹೋಗೋ ಹಾಗಿಲ್ಲ. ಅಂದ್ಮೇಲೆ ಈ ನೀರು ಸೌದೇದೇ ತಾನೆ?"

ನಮ್ಮಲ್ಲಿ ಪಾತ್ರೆ ತೊಳೆಯುವ ಮುನಿಲಕ್ಷ್ಮಮ್ಮ ಸೊಂಟದ ಮೇಲೆ ಕೈಯಿಟ್ಟು ನೋಡಿದರು. "ಬಾಣಂತೀನ ಸುತ್ತಿಟ್ಟಂಗೆ ಸುತ್ತವ್ಳಲ್ಲ ಸಾಮಿ, ಬೆವರದೆ ಇನ್ನೇನಾದಾತು?"

ಅಪ್ಪ ಕೇಳಿಸಿಕೊಳ್ಳಲಿಲ್ಲ. ಹತ್ತು ದಿನದಲ್ಲಿ ಜೆ.ಪಿ. ನಗರದ ಇಂದ್ರಾಣಿಯವರ ಮಗಳ ಮದುವೆ, ಶ್ರಾವಣದ ಮೊದಲ ಲಗ್ನ. ಹೊಗೆ ಹಿಡಿದ ಸಾರು ಬಡಿಸಿದರೆ ಮುಗಿಯಿತು. ಪಾಪಯ್ಯನಿಗೆ ಫೋನಿನಲ್ಲೇ ಅಂದುಬಿಟ್ಟರು: "ನಂಬಿದ್ದಕ್ಕೆ ಒಳ್ಳೆ ಕೆಲಸ ಮಾಡ್ದೆ ಕಣಯ್ಯಾ. ಇದೇ ಕೊನೆ." ನಾನು ಬಾಗಿಲ ಹಿಂದೆ ನಿಂತು ಕೇಳಿದೆ.

ಮರುದಿನ ಬೆಳಿಗ್ಗೆ ಪಾಪಯ್ಯ ಕೊಡಲಿ ಹಿಡಿದು ಬಂದರು. ಒಂದು ದಿಮ್ಮಿ ಎಳೆದು ಸೀಳಿದರು. ಒಳಗೆ ಬೆಳ್ಳಗೆ ಒಣಗಿತ್ತು. ಇನ್ನೊಂದು ಸೀಳಿದರು. ಅದೂ ಒಣಗಿತ್ತು. ಸೌದೆ ಕೆಟ್ಟಿರಲಿಲ್ಲ.

"ಮೇಲ್ಮೇಲೆ ಅಷ್ಟೇ ಸಾಮಿ. ನಾಕು ದಿನ ಗಾಳಿ ಆಡಿದ್ರೆ ಸರಿಹೋಯ್ತದೆ" ಎಂದರು.

"ಒಣಗಿದ್ದರ ಜೊತೆ ಹಸೀದೂ ಬೆರೆಸಿರ್ತೀಯ" ಎಂದರು ಅಪ್ಪ.

ಪಾಪಯ್ಯ ಟಾರ್ಪಾಲಿನ ಒಳಮೈ ಸವರಿ, ಕೈ ನೋಡಿಕೊಂಡರು. ಆಮೇಲೆ ಸುತ್ತಲಿನ ಇಟ್ಟಿಗೆ ಸಾಲನ್ನು ನೋಡಿದರು. ಆಮೇಲೆ ನನ್ನನ್ನು. "ಈ ಸಲ ಮಳೆ ಜಾಸ್ತಿ" ಎಂದಷ್ಟೇ ಹೇಳಿ, "ಬಾರವ್ವ, ಒಂದು ಕೈ ಹಾಕು" ಎಂದು ನನ್ನನ್ನೇ ಕರೆದರು.

ಇಟ್ಟಿಗೆಗಳನ್ನು ಸುತ್ತಲಿಂದ ತೆಗೆದು ಅಡಿಗೆ ಹಾಸಿದೆವು. ಸೌದೆ ನೆಲ ಮುಟ್ಟಬಾರದಂತೆ. ಒಂದು ಸಾಲು ಉದ್ದಕ್ಕೆ, ಅದರ ಮೇಲೊಂದು ಅಡ್ಡಕ್ಕೆ, ನಡುವೆ ಕೈ ತೂರುವಷ್ಟು ಜಾಗ. ಟಾರ್ಪಾಲು ನೆತ್ತಿಗೆ ಮಾತ್ರ, ನೀರು ಹಿಂದಕ್ಕೆ ಹರಿಯುವ ಹಾಗೆ ಓರೆಯಾಗಿ.

"ಬಿಸಿಲೇ ಇಲ್ವಲ್ಲ ಪಾಪಯ್ಯನೋರೇ, ಹೇಗೆ ಒಣಗುತ್ತೆ?"

"ಬಿಸ್ಲು ಯಾರಿಗ್ ಬೇಕು? ಆಸಾಡದ ಗಾಳಿ ಐತಲ್ಲ. ನೀನು ಮಳೆ ನೀರ್ನ ಒಳಗಿಟ್ಟು ಗಾಳೀನ ಆಚೆಗ್ ಹಾಕ್ಬಿಟ್ಟಿದ್ದೆ."

ಅವರಿಗೆ ಗೊತ್ತಾಗಿತ್ತು. ಅಪ್ಪನಿಗೆ ಹೇಳಿರಲಿಲ್ಲ, ಅಷ್ಟೇ.

ಆಷಾಢದ ಗಾಳಿ ನಿಜಕ್ಕೂ ಹೊಣೆ ಹೊತ್ತವರ ಹಾಗೆ ಬೀಸಿತು. ಮಹಡಿಯಿಂದ ಅಪ್ಪನ ಪಂಚೆ ಹಾರಿ ಪಕ್ಕದ ಮನೆಯ ಸೀಬೆ ಮರಕ್ಕೆ ಸಿಕ್ಕಿಕೊಂಡಿತು. ನಾನೇ ಹೋಗಿ ಆಂಟಿಯನ್ನು ಕೇಳಿ ತಂದೆ. ತುಂತುರು ಬಂದರೂ ಸೌದೆ ನೆನೆಯಲಿಲ್ಲ. ಮೂರನೇ ದಿನಕ್ಕೆ ಬೂಷ್ಟು ಪುಡಿಯಾಗಿ ಉದುರಿತು. ಐದನೇ ದಿನ ಎರಡು ಸೀಳು ಹಿಡಿದು ಒಂದಕ್ಕೊಂದು ತಟ್ಟಿದರೆ ಠಣ್ ಎಂದವು. ಮುನಿಲಕ್ಷ್ಮಮ್ಮ, "ಆಡ್ಕೊಂಡಿದ್ದು ಸಾಕು, ಕೈಗೆ ಸಿಬಿರು ಚುಚ್ಕೊಂಡೀಯ" ಎಂದು ಗದರಿದರೂ ನಗುತ್ತಿದ್ದರು. ಎಷ್ಟೋ ದಿನದ ಮೇಲೆ ನನಗೆ ಹೊಟ್ಟೆ ತುಂಬ ಊಟ ಸೇರಿತು.

ಏಳನೇ ದಿನ ಅಪ್ಪ ಹಿತ್ತಲಲ್ಲೇ ಒಲೆ ಹೂಡಿ ಸಾರಿಗಿಟ್ಟರು. ಪಾಪಯ್ಯನೂ ನೋಡಲು ಬಂದಿದ್ದರು. ಬೆಂಕಿ ಒಂದೇ ಕಡ್ಡಿಗೆ ಹತ್ತಿಕೊಂಡಿತು. ಹೊಗೆ ಒಂದು ಎಳೆ ಬಂದು ಕರಗಿತು. ಅಪ್ಪ ಸೌಟಿನಿಂದ ಅಂಗೈಗೆ ಬಿಟ್ಟುಕೊಂಡು ರುಚಿ ನೋಡಿ ಕಣ್ಣು ಮುಚ್ಚಿದರು. "ಇದೇ. ಇದೇ ಸಾರು!" ಮುನಿಲಕ್ಷ್ಮಮ್ಮ ಲೋಟ ಮುಂದೆ ಹಿಡಿದರು. ಎಲ್ಲರೂ ಕುಡಿದೆವು. ಮದುವೆ ಸಾಂಗವಾಗಿ ಆಗುತ್ತದೆ ಎನ್ನುವುದು ಎಲ್ಲರ ಮುಖದಲ್ಲೂ ಕಂಡಿತು.

ಪಾಪಯ್ಯ ಲೋಟ ತೊಳೆಯಲು ನಲ್ಲಿಯ ಹತ್ತಿರ ಹೋದರು. ಅಪ್ಪ ಫೋನು ತೆಗೆದರು. "ನಮಸ್ಕಾರ, ಜಯಸಿಂಹ ಮಾತಾಡ್ತಿರೋದು. ಹೂಂ, ಈ ಲೋಡು ಹೇಗೋ ಸರಿಹೋಯ್ತು. ಮುಂದಿಂದು ನಿಮ್ಮ ಡಿಪೋದಿಂದಾನೇ ಕಳಿಸಿ. ಇವನನ್ನ ಇನ್ನು ನಂಬೋಕಾಗಲ್ಲ..."

ನಲ್ಲಿಯ ನೀರು ಸುಮ್ಮನೆ ಹರಿಯುತ್ತಿತ್ತು. ತೊಳೆದಾಗಿದ್ದ ಲೋಟವನ್ನು ಪಾಪಯ್ಯ ಮತ್ತೆ ತೊಳೆಯುತ್ತಿದ್ದರು.

"ಅಪ್ಪಾ" ಎಂದೆ. ಅವರು ತಡಿ ಎಂದು ಕೈ ಮಾಡಿದರು. ಹೇಗೆ ಶುರುಮಾಡಲಿ ಎಂದು ನಾನು ಯೋಚಿಸಲಿಲ್ಲ.

"ಅಪ್ಪಾ, ಫೋನ್ ಇಡಿ. ಪಾಪಯ್ಯನೋರು ಹಾಕಿದ್ದು ಒಣ ಸೌದೇನೇ. ಮುಚ್ಚೋಕೆ ಮೊದಲೇ ಅದು ಮಳೇಲಿ ನೆನೆದುಹೋಯ್ತು. ನೆನೆದಿದ್ದನ್ನ ಹಾಗೇ ಮುಚ್ಚಿಟ್ಟೋಳು ನಾನು."