ಕೂಕೋ ಮಾವನ ಗಡ್ಡ

ಗಾಳಿ ನಿಂತಿತ್ತು. ಒಡೆಸಾ ಎಂಬ ಎಣ್ಣೆಯೂರಿನ ಪಶ್ಚಿಮಕ್ಕಿರುವ ಆ ಬಯಲಿನಲ್ಲಿ ಗಾಳಿ ನಿಲ್ಲುವುದೆಂದರೆ ಬಾಯಿಬಡುಕಿ ಅತ್ತೆ ಇದ್ದಕ್ಕಿದ್ದಂತೆ ಸುಮ್ಮನಾದ ಹಾಗೆ. ಏನೋ ಕಾದಿದೆ ಎಂದೇ ಅರ್ಥ. ಗಾಳಿಯ ದಿಕ್ಕು ತೋರಿಸಲೆಂದು ಎಣ್ಣೆ ಟ್ಯಾಂಕಿನ ಪಕ್ಕದ ಕಂಬಕ್ಕೆ ಕಟ್ಟಿದ್ದ ಕಿತ್ತಳೆ ಬಣ್ಣದ ಬಟ್ಟೆಚೀಲ ಒದ್ದೆ ಕಾಲುಚೀಲದಂತೆ ಜೋತುಬಿದ್ದಿತ್ತು. ಅರಾಸೆಲಿ ಟ್ರಕ್ಕಿನಿಂದ ಇಳಿಯುವ ಮೊದಲೇ ಅದನ್ನು ನೋಡಿದಳು.

"ಮಾವ, ಇವತ್ತು ಬೇಡ. ಗಾಳೀನೇ ಇಲ್ಲ."

"ಗಾಳಿ ಇದ್ರೆ ಧೂಳು ಅಂತೀಯ, ಇಲ್ದಿದ್ರೆ ಗಾಳಿ ಇಲ್ಲ ಅಂತೀಯ," ಎಂದ ಕೂಕೋ ಮಾವ. "ಹೋದ ಸಲ ತಲೆನೋವು. ಅದಕ್ಕೂ ಮುಂಚೆ ಟೈರು ಪಂಕ್ಚರ್. ಸೆಲಿ, ನಿನಗೆ ಡಿಗ್ರಿ ಬರೋ ಹೊತ್ತಿಗೆ ಈ ಗಡ್ಡ ನನ್ನ ಬೂಟಿಗೆ ಲೇಸ್ ಆಗಿರತ್ತೆ ನೋಡು."

ಆ ಗಡ್ಡದ ಕಥೆ ಊರಿಗೆಲ್ಲ ಗೊತ್ತಿತ್ತು. ಅರಾಸೆಲಿ ಪೆಟ್ರೋಲಿಯಂ ಎಂಜಿನಿಯರಿಂಗಿನಲ್ಲಿ ಸ್ನಾತಕೋತ್ತರ ಪದವಿಗೆ ಸೇರಿದಾಗ, ಅವಳ ತಾಯಿಯ ತಮ್ಮ ಕೂಕೋ ಸ್ಯಾನ್ ಹುವಾನ್ ಮಾತೆಯ ಇಗರ್ಜಿಗೆ ಹೋಗಿ ಹರಕೆ ಹೊತ್ತುಕೊಂಡು ಬಂದಿದ್ದ. ಹುಡುಗಿ ಪದವಿ ಮುಗಿಸುವ ತನಕ ಮುಖಕ್ಕೆ ಕತ್ತಿ ತಾಗಿಸುವುದಿಲ್ಲ ಎಂಬುದು ಹರಕೆ. ಹರಕೆ ಹೊರುವುದರಲ್ಲಿ ನಮ್ಮ ಕಡೆಯವರು ಯಾರಿಗೂ ಕಡಿಮೆಯಿಲ್ಲ. ಒಬ್ಬರು ಮೊಣಕಾಲಿನಲ್ಲಿ ನಡೆಯುತ್ತಾರೆ, ಒಬ್ಬರು ತಲೆಗೂದಲು ಬಿಡುತ್ತಾರೆ, ಇನ್ನು ಕೆಲವರು ಬಿಯರ್ ಬಿಡುತ್ತೇವೆಂದು ಹೇಳಿ ಮಾತೆಗೇ ಮೋಸ ಮಾಡುತ್ತಾರೆ. ಕೂಕೋ ಮೋಸ ಮಾಡುವವನಲ್ಲ. ಎರಡು ವರ್ಷಕ್ಕೆ ಮುಗಿಯಬೇಕಾದ ಓದು ಮೂರನೆಯ ವರ್ಷಕ್ಕೆ ಕಾಲಿಟ್ಟಿತ್ತು, ಗಡ್ಡ ಎದೆಗೆ ಇಳಿದಿತ್ತು.

ಬೇರೆ ಯಾರ ಗಡ್ಡವಾಗಿದ್ದರೂ ನಗಬಹುದಿತ್ತು. ಆದರೆ ಎಣ್ಣೆ ಬಾವಿಗಳನ್ನು ನೋಡಿಕೊಳ್ಳುವವನ ಮುಖ ನುಣ್ಣಗಿರಬೇಕು. ವಿಷದ ಗ್ಯಾಸಿಗೆ ಹಾಕಿಕೊಳ್ಳುವ ಮಾಸ್ಕು ಚರ್ಮಕ್ಕೆ ಅಂಟಿ ಕೂರಬೇಕು, ಗಡ್ಡವಿದ್ದರೆ ಕೂರುವುದಿಲ್ಲ. ದೊಡ್ಡ ಕಂಪನಿಯಾಗಿದ್ದರೆ ಅವನನ್ನು ಗೇಟಿನಿಂದಲೇ ಹಿಂದಕ್ಕೆ ಅಟ್ಟುತ್ತಿದ್ದರು. ಕೂಕೋ ನೋಡಿಕೊಳ್ಳುತ್ತಿದ್ದುದು ಒಬ್ಬ ಮುದುಕನ ಹಳೆಯ ಬಾವಿಗಳನ್ನು. ಮುದುಕನೂ ಮಾತೆಯ ಭಕ್ತ, ಹರಕೆ ಎಂದ ಕೂಡಲೇ ಕಣ್ಣು ಮುಚ್ಚಿಕೊಂಡ. ಕಣ್ಣು ಮುಚ್ಚದೆ ನೋಡುತ್ತಿದ್ದವಳು ಅರಾಸೆಲಿ ಒಬ್ಬಳೇ. ಆದರೆ ಅವಳು ಯಾವ ಬಾಯಿಂದ ಹೇಳಿಯಾಳು? ಗಡ್ಡ ಬೆಳೆದದ್ದೇ ಅವಳ ಹೆದರಿಕೆಯಿಂದ.

ಅವಳಿಗೆ ಆ ಗ್ಯಾಸಿನ ಹೆದರಿಕೆ. ಅವಳ ಅಪ್ಪ ಎರಾಸ್ಮೋ ಇಂಥದೇ ಒಂದು ಟ್ಯಾಂಕಿನ ಮೇಲೆ ಸತ್ತಿದ್ದ. ಮೇಲೆ ಗೆಳೆಯ ಕುಸಿದುಬಿದ್ದದ್ದನ್ನು ಕಂಡು, ಉಸಿರು ಬಿಗಿಹಿಡಿದು ಮೆಟ್ಟಿಲು ಹತ್ತಿ ಓಡಿದ. ಇಬ್ಬರ ಹೆಣವನ್ನೂ ಒಟ್ಟಿಗೆ ಇಳಿಸಿದರು. ಈ ಗ್ಯಾಸಿನ ಗುಣವೇ ಅದು, ಬಿದ್ದವನ ಜೊತೆಗೆ ಎತ್ತಲು ಹೋದವನನ್ನೂ ಬಿಡುವುದಿಲ್ಲ. ಊರು ಅಪ್ಪನನ್ನು ವೀರ ಎಂದಿತು. ಗೋಡೆಯ ಮೇಲಿನ ಅವನ ಫೋಟೋದ ಮುಂದೆ ಅಮ್ಮ ಇವತ್ತಿಗೂ ಮೇಣದ ಬತ್ತಿ ಹಚ್ಚುತ್ತಾಳೆ. ಅರಾಸೆಲಿಗೆ ಮಾತ್ರ ಆ ಫೋಟೋ ಕಂಡಾಗಲೆಲ್ಲ ಸಿಟ್ಟು ಬರುತ್ತಿತ್ತು. ಒಂದು ಗಳಿಗೆ, ಒಂದೇ ಒಂದು ಗಳಿಗೆ ಹೆದರಿದ್ದರೆ ನೀನು ಮನೆಗೆ ಬರುತ್ತಿದ್ದೆಯಲ್ಲ ಅಪ್ಪ, ಎಂದು.

ಓದಿಗೂ ಅವಳು ಆರಿಸಿಕೊಂಡದ್ದು ಅದೇ ಗ್ಯಾಸನ್ನು. ಹಳೆಯ ಬಾವಿಗಳು ಇಟ್ಟ ಹಾಲಿನಂತೆ ವರ್ಷ ಕಳೆದ ಹಾಗೆ ಹುಳಿಯಾಗುತ್ತವೆ, ಅವುಗಳಲ್ಲಿ ಈ ವಿಷ ಹೆಚ್ಚುತ್ತದೆ. ಏಕೆ, ಎಷ್ಟು ಬೇಗ ಎಂಬುದು ಅವಳ ಪ್ರಬಂಧದ ವಿಷಯ. ಎಲ್ಲವನ್ನೂ ಕಂಪ್ಯೂಟರಿನಲ್ಲೇ ಮುಗಿಸಿ, ಬಾವಿಯ ಮುಖ ನೋಡದೆ ಪದವಿ ಪಡೆಯುವುದು ಅವಳ ಉಪಾಯವಾಗಿತ್ತು. ತಾನೊಂದು ಬಗೆದರೆ ದೈವ ಇನ್ನೊಂದು ಬಗೆಯಿತು. ಪ್ರೊಫೆಸರ್ ಟಿಂಡಲ್ ಲೆಕ್ಕಗಳನ್ನೆಲ್ಲ ನೋಡಿ, "ಇದು ನೀನು ಹೇಳೋದು. ಬಾವಿ ಏನು ಹೇಳತ್ತೆ? ಹೋಗಿ ಸ್ಯಾಂಪಲ್ ತಗೊಂಡು ಬಾ, ಆಮೇಲೆ ಸಹಿ ಹಾಕ್ತೀನಿ," ಎಂದುಬಿಟ್ಟಳು. ಅಂದಿನಿಂದ ಅರಾಸೆಲಿ ಮೀನಮೇಷ ಎಣಿಸುತ್ತಲೇ ಇದ್ದಳು.

"ಇಳಿ, ಇಳಿ," ಎಂದ ಮಾವ. "ಬೇಕಾಗಿರೋದು ಬಾವಿ ಎಣ್ಣೆ ಬಂದು ಬೀಳೋ ಈ ಟ್ಯಾಂಕಿನ ಒಂದು ಸ್ಯಾಂಪಲ್. ಇವತ್ತು ಮುಗಿಸಿದ್ರೆ ನಿನ್ನತ್ತೆ ಮತ್ತೆ ನನ್ನ ಪಕ್ಕ ಮಲಗ್ತಾಳೆ. ಗಡ್ಡ ಚುಚ್ಚತ್ತೆ ಅಂತ ಸೋಫಾ ಸೇರಿದ್ದಾಳೆ."

ಟ್ರಕ್ಕಿನ ಕನ್ನಡಿಗೆ ಜಪಮಾಲೆಯ ಜೊತೆ ಒಂದು ಹಳದಿ ಪೆಟ್ಟಿಗೆ ನೇತಾಡುತ್ತಿತ್ತು. ಗ್ಯಾಸು ಸುಳಿದರೆ ಕಿರುಚುವ ಪೆಟ್ಟಿಗೆ. ಇರಬೇಕಾದ್ದು ಮಾವನ ಅಂಗಿಯ ಕೊರಳಿನಲ್ಲಿ.

"ಅದನ್ನ ಹಾಕ್ಕೋ ಮಾವ."

"ಅದು ನಾನು ಕೆಮ್ಮಿದ್ರೂ ಕಿರುಚತ್ತೆ. ಮೂಗಿಗಿಂತ ಮೂಗುತಿ ಭಾರ. ನಾತ ಬಂದ್ರೆ ಮೂಗಿಗೆ ಗೊತ್ತಾಗಲ್ವಾ?"

"ಮೂಗನ್ನೇ ಅದು ಮೊದಲು ಕೊಲ್ಲೋದು! ಸ್ವಲ್ಪ ಇದ್ರೆ ಕೊಳೆತ ಮೊಟ್ಟೆ ನಾತ. ಜಾಸ್ತಿ ಆದ್ರೆ ಏನೂ ಗೊತ್ತಾಗಲ್ಲ. ನಿನಗೆ ಗೊತ್ತಿಲ್ವಾ ಇದು?"

"ಗೊತ್ತು ಕಣೇ, ನಿಮ್ಮಪ್ಪನ ಜೊತೆ ಕೆಲಸ ಮಾಡಿದೋನು ನಾನು," ಎಂದ ಮಾವ. ಗೊತ್ತಿದ್ದೂ ಪೆಟ್ಟಿಗೆಯನ್ನು ಮುಟ್ಟಲಿಲ್ಲ. ದಿನವೂ ದಾಟುವ ಹಳ್ಳದ ಆಳವನ್ನು ಯಾರೂ ನೋಡುವುದಿಲ್ಲ.

ಅರಾಸೆಲಿ ಉಸಿರಾಡುವ ಗಾಳಿಯ ಸಿಲಿಂಡರನ್ನು ಬೆನ್ನಿಗೇರಿಸಿಕೊಂಡಳು. ಮಾಸ್ಕನ್ನು ಕೊರಳಿಗೆ ನೇತುಹಾಕಿಕೊಂಡಳು. ಗಾಜಿನ ಸ್ಯಾಂಪಲ್ ಬಾಟಲಿ ಹಿಡಿದು ಟ್ಯಾಂಕಿನ ಕಬ್ಬಿಣದ ಮೆಟ್ಟಿಲಿನ ಬುಡಕ್ಕೆ ಬಂದು ನಿಂತಳು. ಅಷ್ಟೇ. ಕಾಲು ಏಳಲಿಲ್ಲ. ದೂರದಲ್ಲಿ ಪಂಪುಗಳು ತಲೆ ತಗ್ಗಿಸಿ ಎತ್ತಿ ತಗ್ಗಿಸಿ ಎತ್ತಿ ತಮ್ಮ ಪಾಡಿಗೆ ಕೆಲಸ ಮಾಡುತ್ತಿದ್ದವು. ಮೆಸ್ಕೀಟ್ ಪೊದೆಯ ಒಂದೆಲೆಯೂ ಅಲುಗುತ್ತಿರಲಿಲ್ಲ. ಅವಳು ಅಲ್ಲೇ ನಿಂತಿದ್ದನ್ನು ಮಾವ ಕಂಡ. ಕಂಡು ನಗಲಿಲ್ಲ.

"ಕೊಡಿಲ್ಲಿ," ಎಂದ ಮೆಲ್ಲಗೆ. "ನಾನು ತುಂಬಿಸಿ ತರ್ತೀನಿ. ನಿಮ್ಮ ಮೇಡಂಗೆ ಯಾರು ಹೇಳ್ತಾರೆ?"

"ಮಾಸ್ಕ್ ಹಾಕ್ಕೊಂಡು ಹೋಗು."

ಮಾವ ತನ್ನ ಸಿಲಿಂಡರನ್ನೂ ಬೆನ್ನಿಗೆ ಹಾಕಿಕೊಂಡು, ಅವಳ ಸಮಾಧಾನಕ್ಕೆ ಮಾಸ್ಕು ತೊಟ್ಟ. ಕೆನ್ನೆಯ ಎರಡೂ ಬದಿಯಲ್ಲಿ ಗಡ್ಡ ಅದರ ಅಂಚನ್ನು ಎತ್ತಿ ಹಿಡಿದಿತ್ತು, ಸಂದಿಯಿಂದ ಗಾಳಿ ಸುಸ್ಸೆಂದು ಸೋರುತ್ತಿತ್ತು. ಅರಾಸೆಲಿ ಅದನ್ನು ನೋಡಿದಳು, ಕೇಳಿಸಿಕೊಂಡಳು. ಬೇಡ ಎಂದರೆ ತಾನು ಹತ್ತಬೇಕಾಗುತ್ತದೆ. ಬೇಡ ಎನ್ನಲಿಲ್ಲ.

ಮಾವ ಮೇಲೆ ಹೋಗಿ ಟ್ಯಾಂಕಿನ ಮುಚ್ಚಳ ಎತ್ತಿದ. ಸ್ವಲ್ಪ ಹೊತ್ತಿಗೆ ಕೊಳೆತ ಮೊಟ್ಟೆಯ ನಾತ ಕೆಳಗೆ ನಿಂತವಳ ಮೂಗಿಗೂ ಬಡಿಯಿತು. ಅವಳು ಹಿಂದೆ ಹಿಂದೆ ಸರಿದು ಟ್ರಕ್ಕಿನ ತನಕ ಹೋದಳು. ಮೇಲೆ ಮಾವ ಬಾಟಲಿಗೆ ದಾರ ಕಟ್ಟಿ ಇಳಿಸಿದ, ಎಳೆದ, ಬಿರಡೆ ಹಾಕಿ ಕಂಬಿಯ ಪಕ್ಕಕ್ಕಿಟ್ಟ. ಮಾಸ್ಕಿನ ಗಾಜಿಗೆ ಮಂಜು ಹಿಡಿದಿರಬೇಕು. ಬೈಯುತ್ತಾ ಅದನ್ನು ಹಣೆಗೆ ಎತ್ತಿಕೊಂಡ.

"ಥೂ! ಸತ್ತ ಹೆಗ್ಗಣ!" ಎಂದು ಕೂಗಿದ.

"ಮಾವ, ಹಾಕ್ಕೋ!"

ಅವನು ಕೈ ಬೀಸಿದ. ನಗುತ್ತಿದ್ದ. "ಹೋಯ್ತು ಕಣೇ. ಈಗ ಏನೂ ವಾಸನೇನೇ ಇಲ್ಲ."

ಅರಾಸೆಲಿ ಕಂಬದತ್ತ ನೋಡಿದಳು. ಬಟ್ಟೆಚೀಲ ಅಲುಗಿರಲಿಲ್ಲ. ನಾತವನ್ನು ಕೊಂಡೊಯ್ಯಲು ಗಾಳಿಯೇ ಇರಲಿಲ್ಲ. ಅವಳು ಬಾಯಿ ತೆರೆಯುವಷ್ಟರಲ್ಲಿ ಮಾವ ಏನೋ ಮರೆತವನಂತೆ ಸುತ್ತ ನೋಡಿದ, ಮಂಡಿಯೂರಿದ, ಹಾಗೇ ಪಕ್ಕಕ್ಕೆ ಒರಗಿದ. ಮುಚ್ಚಳ ಢಣ್ಣೆಂದು ಬಿತ್ತು.

ಓಡು ಎಂದಿತು ಮೈ. ಮೆಟ್ಟಿಲಿನ ಕಡೆಗೆ ಒಂದು ಹೆಜ್ಜೆ ಆಗಲೇ ಇಟ್ಟಿದ್ದಳು. ಅಪ್ಪ ಹೀಗೇ ಓಡಿದ್ದು, ಇದೇ ಥರದ ಮೆಟ್ಟಿಲು, ಮೇಲೆ ಹೀಗೇ ಬಿದ್ದಿದ್ದ ಬೂಟುಗಳು. ಅವಳಿಗೆ ಸಾಯುವಷ್ಟು ಹೆದರಿಕೆಯಾಯಿತು. ಅವಳನ್ನು ಅಲ್ಲೇ ನಿಲ್ಲಿಸಿದ್ದು ಆ ಹೆದರಿಕೆಯೇ. ನಿಂತು ಮಾಸ್ಕು ತೊಟ್ಟಳು. ಪಟ್ಟಿಗಳನ್ನು ಎಳೆದಳು. ಬೆರಳುಗಳು ಯಾರವೋ ಎನ್ನುವಂತೆ ಜಾರುತ್ತಿದ್ದವು. ಕೊಳವೆಗೆ ಅಂಗೈ ಒತ್ತಿ ಉಸಿರೆಳೆದು ನೋಡಿದಳು: ಮಾಸ್ಕು ಮುಖಕ್ಕೆ ಹೀರಿಕೊಂಡಿತು, ಎಲ್ಲೂ ಸೋರುತ್ತಿಲ್ಲ. ಕೊಳವೆಯನ್ನು ಸಿಲಿಂಡರಿಗೆ ಸಿಕ್ಕಿಸಿದಳು. ಇಷ್ಟು ಮಾಡುವಾಗಲೂ ಮೇಲೆ ಮಾವ ಉಸಿರಿಲ್ಲದೆ ಬಿದ್ದಿದ್ದ. ಜಗತ್ತಿನಲ್ಲಿ ಅದಕ್ಕಿಂತ ಕ್ರೂರವಾದ ಕೆಲಸವನ್ನು ಅವಳು ಮಾಡಿರಲಿಲ್ಲ. ಟ್ರಕ್ಕಿನ ರೇಡಿಯೋದಲ್ಲಿ ಮಾಸ್ಕಿನೊಳಗಿಂದಲೇ ಕೂಗಿ ಸಹಾಯ ಕೇಳಿ ಜಾಗ ಹೇಳಿದಳು. ಆಮೇಲೆ ಹತ್ತಿದಳು.

ಮಾವ ಭಾರದ ಮನುಷ್ಯ. ಕಂಕುಳಿಗೆ ಕೈಹಾಕಿ ಹಿಂದಕ್ಕೆ ಎಳೆದಳು, ಬೂಟಿನ ಹಿಮ್ಮಡಿ ಮೆಟ್ಟಿಲಿನಿಂದ ಮೆಟ್ಟಿಲಿಗೆ ಟಣ್ ಟಣ್ ಎಂದು ಬೀಳುತ್ತಿತ್ತು. ಹೆದರಿದವರು ಗಾಳಿಯನ್ನು ಹೆಚ್ಚು ಕುಡಿಯುತ್ತಾರೆ. ಅರ್ಧ ಇಳಿಯುವಷ್ಟರಲ್ಲಿ ಅವಳ ಸಿಲಿಂಡರು ಮುಗಿಯುತ್ತಾ ಬಂತೆಂದು ಸೀಟಿ ಹಾಕತೊಡಗಿತು. ಮಾತೆ, ಗಡ್ಡ ನಿನ್ನದು, ಮನುಷ್ಯ ನಮ್ಮವನು, ಬಿಟ್ಟುಬಿಡು ಎಂದು ಬೇಡುತ್ತಾ ಎಳೆದಳು. ಪೊದೆಗಳಾಚೆ, ಟ್ಯಾಂಕು ದೂರ ಕಾಣುವಲ್ಲಿಗೆ ತಂದು ಮಲಗಿಸಿ, ಎದೆ ಒತ್ತತೊಡಗಿದಳು. ಎಷ್ಟು ಹೊತ್ತೋ. ಕೊನೆಗೆ ಮಾವ ಒಂದು ಸಲ ಗೊರಕೆಯಂತೆ ಉಸಿರೆಳೆದ. ಅವಳು ಅಲ್ಲೇ ಕೂತು ಮಗುವಿನಂತೆ ಅತ್ತಳು.

ಆಸ್ಪತ್ರೆಯಲ್ಲಿ ಅದೇ ಗಡ್ಡ ಮತ್ತೆ ಅಡ್ಡ ಬಂತು. ಒತ್ತಿ ಗಾಳಿ ಕೊಡುವ ಮಾಸ್ಕು ಮುಖಕ್ಕೆ ಕೂರುತ್ತಿಲ್ಲ, ಬೋಳಿಸಬೇಕು ಎಂದಳು ನರ್ಸು. ಓಫೇಲಿಯಾ ಅತ್ತೆ ಗಂಡನ ಮುಖಕ್ಕೆ ಅಡ್ಡಲಾಗಿ ಎರಡೂ ಕೈ ಚಾಚಿದಳು.

"ಮುಟ್ಟಬೇಡಿ! ಹರಕೆ ಇನ್ನೂ ತೀರಿಲ್ಲ. ಈಗ ಕತ್ತಿ ತಾಗಿಸಿದ್ರೆ ಮಾತೆ ಇವರನ್ನೇ ತಗೊಂಡ್ಬಿಡ್ತಾಳೆ!"

"ಅತ್ತೆ, ತಾಗಿಸದಿದ್ರೂ ಹೋಗ್ತಾನೆ."

"ನೀನು ಓದಿದೋಳು, ನಿನಗೇನು ಗೊತ್ತು ಇದು!"

ಅರಾಸೆಲಿಗೆ ಎರಡು ಹೆದರಿಕೆಯೂ ಇತ್ತು, ಗಾಳಿ ಸಾಲದೆ ಹೋದಾನೆಂದೂ, ಮಾತೆ ಮುನಿದಾಳೆಂದೂ. ಓದಿದವರಿಗೆ ದೇವರ ಭಯ ಇರುವುದಿಲ್ಲ ಎಂದು ಯಾರು ಹೇಳಿದರೋ. "ಪಾಪ ನನಗೇ ಬರಲಿ," ಎಂದು ನರ್ಸಿನ ಕೈಯಿಂದ ಕತ್ತಿ ಇಸಿದುಕೊಂಡು ತಾನೇ ಬೋಳಿಸಿದಳು. ಅತ್ತೆ ಗೋಡೆಗೆ ಮುಖ ಮಾಡಿ ಜಪಮಾಲೆ ಎಣಿಸಿದಳು. ಎರಡು ವರ್ಷ ದಾಟಿದ ಗಡ್ಡವನ್ನು ನರ್ಸು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಅತ್ತೆಯ ಕೈಗೆ ಕೊಟ್ಟಳು, ಅವಳು ಅದನ್ನು ಕೈಚೀಲದಲ್ಲಿ ಬಚ್ಚಿಟ್ಟುಕೊಂಡಳು.

ಕೆಲವು ದಿನಕ್ಕೆ ಮಾವ ಕಣ್ಣು ಬಿಟ್ಟ. ಮೊದಲು ಕೈ ಹೋದದ್ದು ಗಲ್ಲಕ್ಕೆ. ನುಣುಪು ತಾಗಿದ್ದೇ ಅವನ ಮುಖ ಬಿಳಿಚಿತು.

"ಮುಗೀತಾ? ಡಿಗ್ರಿ ಬಂತಾ?"

ಹೂಂ ಎಂದರೆ ಸುಳ್ಳು. ಊಹೂಂ ಎಂದರೆ ಹರಕೆ ಮುರಿದ ಸುದ್ದಿ.

"ಇಲ್ಲ ಮಾವ. ನಾನೇ ಬೋಳಿಸಿದ್ದು. ಬಾಟಲಿ ಇನ್ನೂ ಟ್ಯಾಂಕಿನ ಮೇಲೇ ಇದೆ."

"ಅಯ್ಯೋ ಹುಡುಗಿ... ಮಾತೆ ಲೆಕ್ಕ ಕೇಳ್ತಾಳೆ ಕಣೇ. ಮತ್ತೆ ಗಡ್ಡ ಬಿಡ್ತೀನಿ. ಇವತ್ತಿಂದಾನೇ ಬಿಡ್ತೀನಿ."

"ಬೇಡ. ಹರಕೆ ನನಗೆ ವರ್ಗ ಮಾಡು. ಡಿಗ್ರಿ ಬರೋ ತನಕ ನಾನು ತಲೆಗೂದಲು ಕತ್ತರಿಸಲ್ಲ. ನನ್ನ ಗಲ್ಲದ ಮೇಲಂತೂ ಏನೂ ಬೆಳೆಯಲ್ಲ. ಆ ಟ್ಯಾಂಕಿಂದ ಹೊಸ ಸ್ಯಾಂಪಲ್ ನಾನೇ ತರ್ತೀನಿ. ಮಾಸ್ಕ್ ಹಾಕ್ಕೊಂಡು, ಕೆಳಗೆ ಒಬ್ಬರನ್ನ ನಿಲ್ಲಿಸ್ಕೊಂಡು, ಗಾಳಿ ಇರೋ ದಿನ."

"ಹೆದರಿಕೆ ಆಗಲ್ವಾ?"

"ಆಗತ್ತೆ. ಮಾವ, ಹೆದರದೋರೇ ಅಲ್ಲಿ ಬಿದ್ದಿದ್ದು, ಅಪ್ಪಾನೂ, ನೀನೂ."

ಮಾತು ಬದಲಿಸಲೆಂದು ಅತ್ತೆ ಮನೆಯಿಂದ ತಂದ ಡಬ್ಬಿ ತೆರೆದಳು. ಒಣಮೆಣಸಿನಕಾಯಿ ಹಾಕಿ ಕುದಿಸಿದ ಕರುಳಿನ ಸಾರು, ಬೆಳ್ಳುಳ್ಳಿ, ನಿಂಬೆಹಣ್ಣು. ವಾರ್ಡಿನ ಆಚೆ ತುದಿಯಲ್ಲಿ ಮಲಗಿದ್ದವನೂ ತಲೆ ಎತ್ತಿ ನೋಡಿದ. ಅತ್ತೆ ಡಬ್ಬಿಯನ್ನು ಗಂಡನ ಮೂಗಿನ ಹತ್ತಿರ ಹಿಡಿದಳು.

"ಏನು ತಂದಿದ್ದೀಯ?" ಎಂದ ಮಾವ, ಮೂಗು ಅರಳಿಸಿ ಉಸಿರೆಳೆಯುತ್ತಾ. ಇನ್ನೊಮ್ಮೆ ಎಳೆದ. "ಏನೂ ವಾಸನೇನೇ ಇಲ್ಲ."

ಅರಾಸೆಲಿಯ ಕೈ ತನ್ನಷ್ಟಕ್ಕೆ ಕತ್ತಿನ ಹತ್ತಿರ, ಇಲ್ಲದ ಮಾಸ್ಕಿಗೆ ತಡಕಾಡಿತು. ಅತ್ತೆ ಡಬ್ಬಿಯ ಮುಚ್ಚಳ ಹಾಕಿದಳು. ಮಾವ ಒಬ್ಬರ ಮುಖ ನೋಡಿದ, ಇನ್ನೊಬ್ಬರ ಮುಖ ನೋಡಿದ, ನಿಧಾನವಾಗಿ ಅವನಿಗೆ ಅರ್ಥವಾಯಿತು.

"ಗಡ್ಡದ ಬದಲು ಮಾತೆ ಮೂಗು ತಗೊಂಡ್ಳಾ?" ಎಂದ. ನಗಲು ನೋಡಿದ, ಆಗಲಿಲ್ಲ. ಅಷ್ಟು ದೊಡ್ಡ ಗಂಡಸು ಹೆದರಿದ್ದನ್ನು ಅವಳು ಅಂದೇ ಮೊದಲು ಕಂಡದ್ದು.

ಅರಾಸೆಲಿ ಜೇಬಿನಿಂದ ಹಳದಿ ಪೆಟ್ಟಿಗೆಯನ್ನು ತೆಗೆದಳು. ಟ್ರಕ್ಕಿನ ಕನ್ನಡಿಯಿಂದ ಬಿಚ್ಚಿ ತಂದದ್ದು. ಅದನ್ನು ಮಾವನ ಆಸ್ಪತ್ರೆ ಅಂಗಿಯ ಕೊರಳಿಗೆ ಸಿಕ್ಕಿಸಿದಳು. ಅಲ್ಲಿ ಗ್ಯಾಸೂ ಇರಲಿಲ್ಲ, ಟ್ಯಾಂಕೂ ಇರಲಿಲ್ಲ. ಆದರೂ ಮಾವ ಅದನ್ನು ಕೈಯಿಂದ ಮುಟ್ಟಿ ನೋಡಿ, ನೆಟ್ಟಗೆ ಮಾಡಿಕೊಂಡ. ತೆಗೆಯಲಿಲ್ಲ.